ಎಣಿಸದ ಉಸಿರು

ಆಸ್ಪತ್ರೆಯ ತುರ್ತು ವಿಭಾಗಕ್ಕೆ ಇನ್‌ಚಾರ್ಜ್ ನರ್ಸು ಅವಳು, ಅಲ್ಲಿ ಅವಳಿಗೆ ತಣ್ಣೀರಕ್ಕ ಅಂತ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹೊಸದಾಗಿ ಸೇರಿದ ನರ್ಸುಗಳು ಯಾವುದಕ್ಕೋ ಹೌಹಾರಿ ಓಡಿ ಬಂದರೆ ಈಕೆ ಕೂತ ಕುರ್ಚಿಯಿಂದ ಏಳದೆ, ಮೊದಲು ನೀನು ಕೂತು ಒಂದು ಲೋಟ ನೀರು ಕುಡಿ, ಆಮೇಲೆ ಹೇಳು ಅನ್ನುತ್ತಿದ್ದಳು. ಊರವರ ಗಾಬರಿಗೆಲ್ಲ ತಣ್ಣೀರು ಎರಚುವವಳು ಅಂತ ಯಾರೋ ಕಿಡಿಗೇಡಿ ಇಟ್ಟ ಹೆಸರು ಅವಳ ಕಿವಿಗೂ ಬಿತ್ತು. ಬೇಸರವಾಗಲಿಲ್ಲ, ಒಳಗೊಳಗೇ ಹೆಮ್ಮೆಯಾಯಿತು. ಹೆಮ್ಮೆ ಪಡುವಂಥದ್ದೇ ಅನ್ನಿ. ಒಳಗೆ ಕಾಲಿಟ್ಟವರೆಲ್ಲ ಈಗಲೇ ಪ್ರಾಣ ಹೋಗುತ್ತದೆ ಎಂದು ಕೂಗಾಡುವ ಜಾಗದಲ್ಲಿ ಒಬ್ಬರಾದರೂ ತಲೆ ನೆಟ್ಟಗೆ ಇಟ್ಟುಕೊಂಡಿರಬೇಕಲ್ಲ. ಆದರೆ ತಣ್ಣಗಿರುವುದು ಅಭ್ಯಾಸವಾದರೆ ಮನುಷ್ಯರಿಗೆ ಬಿಸಿ ತಾಗಿದ್ದೂ ತಿಳಿಯದೆ ಹೋಗುತ್ತದೆ. ಅವಳಿಗೆ ಆದದ್ದು ಅದೇ.

ವಿಭಾಗ ದೊಡ್ಡದೇನಲ್ಲ. ಎದುರುಬದುರು ಎರಡು ಸಾಲು ಮಂಚ, ನಡುನಡುವೆ ತೊಳೆದು ತೊಳೆದು ಬಣ್ಣಗೆಟ್ಟ ಹಸಿರು ಪರದೆಗಳು, ಒಂದು ತುದಿಗೆ ಆಂಬುಲೆನ್ಸ್ ಬಂದು ನಿಲ್ಲುವ ಬಾಗಿಲು, ಇನ್ನೊಂದು ತುದಿಗೆ ನರ್ಸುಗಳ ಮೇಜು. ಬಿ.ಪಿ. ನೋಡುವ ಯಂತ್ರದ ಗಾಡಿಗೆ ಒಂದು ಚಕ್ರ ಕೆಟ್ಟಿತ್ತು, ಅದು ಎಲ್ಲಿ ಹೋದರೂ ಕಿರ್ರೆನ್ನುತ್ತಾ ಹೋಗುತ್ತಿತ್ತು. ಪ್ರತಿ ಮಂಚದ ಕಾಲ ಬಳಿ ಒಂದು ಹಾಳೆ. ನಾಡಿ, ಬಿ.ಪಿ., ಜ್ವರ, ರಕ್ತದ ಆಕ್ಸಿಜನ್, ಉಸಿರು, ಎಚ್ಚರ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಸರಿ ಇದ್ದರೆ ಸೊನ್ನೆ, ಕೆಟ್ಟಷ್ಟೂ ಹೆಚ್ಚು. ಎಲ್ಲ ಕೂಡಿ ಐದಾದರೆ ಡಾಕ್ಟರನ್ನು ಕರೆಯಬೇಕು. ಏಳಾದರೆ ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತಬೇಕು, ಇಡೀ ತಂಡ ಓಡಿ ಬರುತ್ತದೆ. ಶಾಲೆಯಲ್ಲಿ ಅಂಕ ಹೆಚ್ಚಾದರೆ ಮೇಲಿನ ತರಗತಿಗೆ ಹೋಗ್ತೀವಿ, ಇಲ್ಲಿ ಹೆಚ್ಚಾದರೆ ನೇರ ಮೇಲಕ್ಕೇ ಅಂತ ನೆಲ ಒರೆಸುವ ಆಯಾ ನಗುತ್ತಿದ್ದಳು.

ಏರ್ಪಾಡು ಒಳ್ಳೆಯದೇ. ಮನುಷ್ಯ ಒಮ್ಮೆಲೇ ಕುಸಿಯುವುದಿಲ್ಲ, ಮೊದಲೇ ಸುಳಿವು ಕೊಡುತ್ತಾನೆ. ನೋಡುವವರಿಗೆ ಪುರುಸೊತ್ತು ಇರುವುದಿಲ್ಲ, ಅಷ್ಟೆ. ನಾಡಿಗೆ, ಬಿ.ಪಿ.ಗೆ, ಜ್ವರಕ್ಕೆ, ಆಕ್ಸಿಜನ್ನಿಗೆ ಯಂತ್ರಗಳಿದ್ದವು. ಉಸಿರಿಗೆ ಇರಲಿಲ್ಲ. ಗಡಿಯಾರ ಹಿಡಿದು, ಒಂದು ಪೂರ್ತಿ ನಿಮಿಷ ರೋಗಿಯ ಎದೆ ನೋಡುತ್ತಾ ನಿಂತು ಎಣಿಸಬೇಕು. ಒಂದು ನಿಮಿಷ ಏನು ಮಹಾ ಅನ್ನಬೇಡಿ. ಈ ಕಡೆ ಒಬ್ಬ ವಾಂತಿ ಮಾಡುತ್ತಿರುತ್ತಾನೆ, ಆ ಕಡೆ ಒಬ್ಬಳು ಸೂಜಿ ಕಿತ್ತುಕೊಂಡು ಎದ್ದು ಹೊರಟಿರುತ್ತಾಳೆ, ಮಂಚದ ಮೇಲಿರುವವನು ತನ್ನ ಎದೆಯನ್ನೇ ಯಾಕೆ ನೋಡುತ್ತೀರಿ ಅಂತ ಕಣ್ಣು ಕೆಕ್ಕರಿಸುತ್ತಾನೆ. ಹಾಗಾಗಿ ಎಲ್ಲರೂ ಹದಿನೆಂಟು ಅಂತ ಬರೆಯುತ್ತಿದ್ದರು. ಹದಿನೆಂಟು ಮರ್ಯಾದಸ್ತ ಸಂಖ್ಯೆ. ಅದಕ್ಕೆ ಸೊನ್ನೆ ಅಂಕ, ಯಾರೂ ತಿರುಗಿ ಕೇಳುವುದಿಲ್ಲ. ಮುದುಕರು, ಬಾಣಂತಿಯರು, ಕುಡಿದು ಬಿದ್ದು ಹಣೆ ಒಡೆದುಕೊಂಡವರು, ಗೊರಕೆ ಹೊಡೆಯುವವರು, ಆ ವಿಭಾಗದಲ್ಲಿ ಲೋಕವೆಲ್ಲ ನಿಮಿಷಕ್ಕೆ ಹದಿನೆಂಟೇ ಸಲ ಉಸಿರಾಡುತ್ತಿತ್ತು.

ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಪುಟ್ಟ ಆಳಿನ ಹೊಸ ನರ್ಸು ಸೇರಿದ ದಿನ ಕಾಲಿಡಲು ಜಾಗವಿಲ್ಲದಷ್ಟು ಜನ. ಅವಳು ಕಲಿತು ಬಂದ ಹಾಗೆ ಒಬ್ಬೊಬ್ಬರ ಎದುರೂ ಗಡಿಯಾರ ಹಿಡಿದು ನಿಂತಿದ್ದಳು. ಮಂಚಗಳ ಸಾಲು ಮುಗಿಯುವ ಹೊತ್ತಿಗೆ ಮೊದಲನೆಯವನಿಗೆ ಗಡ್ಡ ಬೆಳೆದಿರುತ್ತೆ ಅಂತ ತಣ್ಣೀರಕ್ಕ ರೇಗಿಸಿದಳು. ಆಮೇಲೆ ಪಕ್ಕಕ್ಕೆ ಕರೆದು, ನೋಡಿದರೆ ಗೊತ್ತಾಗುವುದಿಲ್ಲವೇ, ಸರಿ ಕಂಡರೆ ಹದಿನೆಂಟು ಬರೆದು ಮುಂದೆ ನಡಿ ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳಿಗೂ ಯಾರೋ ಹಾಗೆಯೇ ಹೇಳಿಕೊಟ್ಟಿದ್ದರು.

ಅದೇ ಗುಬ್ಬಿ ಆಮೇಲೊಂದು ದಿನ ಒಬ್ಬ ಹುಡುಗನಿಗಾಗಿ ಕೆಂಪು ಗುಂಡಿ ಒತ್ತಿಬಿಟ್ಟಳು. ಹುಡುಗನ ಅಂಕ ಮೂರು ಮಾತ್ರ. ಅವನು ಅವಳ ಪಕ್ಕದ ಮನೆಯವನು. ಯಾಕೋ ಮುಖ ಸರಿ ಕಾಣಲಿಲ್ಲ ಅಂತ ಒತ್ತಿದ್ದಳು. ತಂಡ ಏದುಸಿರು ಬಿಡುತ್ತಾ ಬಂದು ನೋಡಿದರೆ, ಹುಡುಗ ಸೂಜಿಗೆ ಹೆದರಿ ಬಿಳಿಚಿಕೊಂಡಿದ್ದ, ಅಷ್ಟೆ. ಬಂದವರು ಗೊಣಗುತ್ತಾ ಹೋದರು. ತಣ್ಣೀರಕ್ಕ ಎಲ್ಲರೆದುರೇ ಗುಬ್ಬಿಗೆ ಹೇಳಿದಳು: "ಅಂಕ ನೋಡು, ಮುಖ ನೋಡಬೇಡ. ಈ ಬಾಗಿಲಿಂದ ಒಳಗೆ ಬಂದ ಮೇಲೆ ನಮಗೆ ನೆಂಟರು ಅಂತ ಯಾರೂ ಇಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ತನ್ನ ಕೊರಳಿಗೇ ಬಂದು ಸುತ್ತಿಕೊಳ್ಳುತ್ತದೆ ಅಂತ ಅವಳಿಗೆ ಆಗ ಹೇಗೆ ತಿಳಿಯಬೇಕು.

ಅವಳ ಮನೆಯಲ್ಲಿ ಮೂವರು. ಗಂಡ ಬಸ್ ಡ್ರೈವರ್. ಅವನ ಅಕ್ಕ, ಅಂದರೆ ಇವಳ ಅತ್ತಿಗೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಅಪ್ಪ ಅಮ್ಮ ಬೇಗ ಹೋದದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವಳು ಆಕೆಯೇ. ಅವನಿಗೊಂದು ದಾರಿಯಾಗಲಿ ಅಂತ ತಾನು ಮದುವೆಯ ಮಾತೇ ಎತ್ತಲಿಲ್ಲ. ಬಾಯಿ ಮಾತ್ರ ಬೊಂಬಾಯಿ. ಸೊಸೆ ಅತ್ತೆಗೆ ಹೆದರುವ ಮನೆಗಳುಂಟು, ಇಲ್ಲಿ ಇಡೀ ಬೀದಿಯೇ ಅತ್ತಿಗೆಯ ನಾಲಿಗೆಗೆ ಹೆದರುತ್ತಿತ್ತು. ಅಳತೆ ಕೊಡಲು ಬಂದ ಹೆಂಗಸರಿಗೆ ಹೋದ ವರ್ಷದ ಅಳತೆ ನೆನಪಿಸಿ ಅಳಿಸುವಷ್ಟು ನಗಿಸುತ್ತಿದ್ದಳು. ಮನೆಯಲ್ಲಿ ತಣ್ಣೀರಕ್ಕನ ತಣ್ಣಗಿನ ಗುಣವೆಲ್ಲ ಕರಗಿ ಹೋಗುತ್ತಿದ್ದದ್ದು ಆ ಹೊಲಿಗೆ ಯಂತ್ರದ ಪಕ್ಕದಲ್ಲಿ ಮಾತ್ರ. ಕೆಲಸ ಮುಗಿಸಿ ಬಂದವಳೇ ಚಪ್ಪಲಿ ಬಿಟ್ಟು, ಕತ್ತರಿಸಿದ ಬಟ್ಟೆಯ ಚೂರುಗಳ ಮೇಲೇ ಕೂತು ಇವತ್ತು ಯಾರು ಬಂದಿದ್ದರು, ಯಾರು ಹೋದರು ಎಂದು ಹೇಳುತ್ತಿದ್ದಳು. ಅವಳಿಗೆ ಹೆತ್ತ ಮಕ್ಕಳಿರಲಿಲ್ಲ, ಹೆತ್ತ ತಾಯಿಯೂ ಇರಲಿಲ್ಲ. ಎರಡೂ ಕೊರತೆಯನ್ನು ತುಂಬಿದ್ದು ಈ ಒಬ್ಬ ಹೆಂಗಸು.

ಆ ದಿನ ಬೆಳಿಗ್ಗೆ ಅತ್ತಿಗೆ ಹೊದಿಕೆ ಹೊದ್ದು ನಡುಗುತ್ತಾ ಕೂತಿದ್ದಳು. ಉರಿಮೂತ್ರ ಶುರುವಾಗಿ ಎರಡು ದಿನವಾಗಿತ್ತಂತೆ, ತುಟಿ ಪಿಟಕ್ ಅಂದಿರಲಿಲ್ಲ. ಗಂಡ ಆಗಲೇ ಬಸ್ಸಿಗೆ ಹೋಗಿದ್ದ. ಹೇಗೂ ನಾನು ಡ್ಯೂಟಿಗೆ ಹೊರಟಿದ್ದೇನೆ, ಬನ್ನಿ ಅಂತ ತಣ್ಣೀರಕ್ಕ ಆಟೋ ಹಿಡಿದು ಜೊತೆಗೇ ಕರೆತಂದಳು. ಬರುವಾಗ ದಾರಿಯುದ್ದಕ್ಕೂ ಅತ್ತಿಗೆ, ತಮ್ಮನ ಹೆಂಡತಿ ಆಸ್ಪತ್ರೆಯಲ್ಲಿ ಇರೋದಕ್ಕೆ ಸುಖ ಏನು ಅಂದ್ರೆ ಕಾಯಿಲೆ ಬಿದ್ದಾಗಲೂ ಕಾವಲಿಗೆ ಆಳು ಸಿಕ್ಕುತ್ತೆ ಅಂತ ಚುಡಾಯಿಸುತ್ತಲೇ ಬಂದಳು. ಡ್ಯೂಟಿ ಡಾಕ್ಟರ್ ನೋಡಿದ. ಒಳ್ಳೆಯ ಹುಡುಗ, ಅವಸರ ಇದ್ದರೂ ಮುಟ್ಟಿ ನೋಡುವವನು. ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿ, ಡ್ರಿಪ್ ಹಾಕಿಸಿ, ಫಲಿತಾಂಶ ಬಂದ ಮೇಲೆ ಔಷಧಿ ಬರೆಯುತ್ತೇನೆ, ಅಂಕ ಐದಾದರೆ ತಕ್ಷಣ ತಿಳಿಸಿ ಅಂದ. ಆಗ ಅಂಕ ಎರಡು. ಸ್ವಂತದವರ ಅಂಕವನ್ನು ತಾವೇ ಬರೆಯಕೂಡದು ಅಂತ ಆಸ್ಪತ್ರೆಯ ಕಟ್ಟಪ್ಪಣೆ ಇತ್ತು. ಹಾಗಾಗಿ ಅತ್ತಿಗೆಯ ಮಂಚ ಗುಬ್ಬಿಯ ಪಾಲಿಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಒಂದು ಲಾರಿ ಅಪಘಾತದವರು ಬಂದರು. ಇಡೀ ವಿಭಾಗ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಿತು. ನಡುವೆ ಒಂದು ಗಳಿಗೆ ಸಿಕ್ಕಾಗ ತಣ್ಣೀರಕ್ಕ ಪರದೆ ಸರಿಸಿ ಅತ್ತಿಗೆಯ ಬಳಿ ಹೋದಳು. ಅತ್ತಿಗೆ ಅವಳನ್ನು ಕಾಲಿಂದ ತಲೆವರೆಗೆ ನೋಡಿದಳು.

"ಸಿಸ್ಟರ್, ನಿಮಗೆ ಮದುವೆ ಆಗಿದೆಯಾ?"

ತಣ್ಣೀರಕ್ಕನಿಗೆ ನಗು ಬಂತು. ಅವಳ ಮದುವೆ ಕುದುರಿದ್ದೇ ಆ ಪ್ರಶ್ನೆಯಿಂದ. ಎಷ್ಟೋ ವರ್ಷದ ಹಿಂದೆ ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ಚುಚ್ಚಿ ಮುರಿದು, ಅತ್ತಿಗೆ ಇದೇ ವಿಭಾಗಕ್ಕೆ ಬಂದಿದ್ದಳು. ಸೂಜಿ ತೆಗೆಯುತ್ತಿದ್ದ ಹುಡುಗಿಯನ್ನು ನೋವಿನ ನಡುವೆಯೇ ಹೀಗೆ ಕೇಳಿ, ನನಗೊಬ್ಬ ತಮ್ಮ ಇದ್ದಾನೆ ಅಂದಿದ್ದಳು. ಆಮೇಲೆ ಮನೆಯಲ್ಲಿ ಸಣ್ಣಪುಟ್ಟ ಮುನಿಸು ಬಂದಾಗಲೆಲ್ಲ ಗುರುತೇ ಇಲ್ಲದವಳಂತೆ ಮುಖ ಮಾಡಿ ಅದನ್ನೇ ಕೇಳುತ್ತಿದ್ದಳು, ಮುನಿಸು ಮುರಿದು ಬೀಳುತ್ತಿತ್ತು.

"ಆಗಿದೆ ಬಿಡಿ," ಅಂದಳು ತಣ್ಣೀರಕ್ಕ. "ಗಂಡ ಪರವಾಗಿಲ್ಲ. ಅವರ ಅಕ್ಕಂದೇ ಕಾಟ."

ಅತ್ತಿಗೆ ನಗಲಿಲ್ಲ. ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ, "ಪಾಪ," ಅಂದು ಗೋಡೆಯ ಕಡೆ ಹೊರಳಿದಳು.

ಇಷ್ಟು ಚೆನ್ನಾಗಿ ನಾಟಕ ಆಡುವವಳಿಗೆ ಏನು ಕಾಯಿಲೆ ಅಂದುಕೊಂಡು ತಣ್ಣೀರಕ್ಕ ಹೊದಿಕೆ ಸರಿಮಾಡಿ ಹೊರಟಳು. ಹೊರಡುವಾಗ ಅತ್ತಿಗೆಯ ಬೆರಳುಗಳು ಹೊದಿಕೆಯ ಅಂಚನ್ನು ಹಿಡಿದು, ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸುತ್ತಿದ್ದವು. ಕೈ ಸುಮ್ಮನಿರುವುದಿಲ್ಲ ನೋಡು ಅಂತ ಅದಕ್ಕೂ ನಕ್ಕಳು. ಬೇರೆ ಯಾರ ಮಂಚದಲ್ಲಾದರೂ ಆ ಬೆರಳುಗಳನ್ನು ಕಂಡಿದ್ದರೆ ಅವಳು ಅಲ್ಲೇ ನಿಂತುಬಿಡುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಗಂಡನ ಫೋನು ಬಂತು. ಅಕ್ಕ ಹೇಗಿದ್ದಾಳೆ, ಬಸ್ಸನ್ನು ಇನ್ನೊಬ್ಬನಿಗೆ ಒಪ್ಪಿಸಿ ಬರಲೇ ಅಂತ ಕೇಳಿದ. ಇವಳು ನಡೆದದ್ದನ್ನು ಹೇಳಿ ನಕ್ಕಳು. "ನನ್ನನ್ನೇ ಮದುವೆ ಆಗಿದೆಯಾ ಅಂತ ಕೇಳ್ತಿದ್ದಾರೆ ರೀ. ಅಷ್ಟು ಗಟ್ಟಿಯಾಗಿದ್ದಾರೆ. ನೀವು ಬರೋದು ಬೇಡ, ನಾನಿದ್ದೀನಲ್ಲ." ಅವನೂ ನಕ್ಕ. ನೆಮ್ಮದಿಯಿಂದ ಬಸ್ ಓಡಿಸಿಕೊಂಡು ಊರಾಚೆ ಹೋದ.

ಆಮೇಲೆ ಗುಬ್ಬಿ ಗಾಡಿ ತಳ್ಳಿಕೊಂಡು ಅತ್ತಿಗೆಯ ಬಳಿ ಹೋಗಿ ಬಂದದ್ದು ಕಿರ್ರೆನ್ನುವ ಸದ್ದಿನಿಂದಲೇ ತಿಳಿಯಿತು. ಎಷ್ಟು ಅಂತ ತಣ್ಣೀರಕ್ಕ ಕೇಳಿದಳು. ನಾಲ್ಕು ಅಂದಳು ಗುಬ್ಬಿ. ನಾಡಿ ಓಡುತ್ತಿದೆ, ಬಿ.ಪಿ. ಸ್ವಲ್ಪ ಇಳಿದಿದೆ, ಮಾತು ಸರಿ ಇದೆ ಅಂದಳು. ಹೆಸರು ಕೇಳಿದ್ದಕ್ಕೆ ಅತ್ತಿಗೆ ಸರಿಯಾಗಿಯೇ ಹೇಳಿದ್ದಳು. ಅದು ಸರಿಯಾದ ಮಾತಲ್ಲ, ಈ ಹೆಂಗಸು ಇಷ್ಟು ಚುಟುಕಾಗಿ ಯಾವತ್ತೂ ಉತ್ತರ ಕೊಟ್ಟವಳಲ್ಲ ಅಂತ ಗುಬ್ಬಿಗೆ ಹೇಗೆ ಗೊತ್ತಾಗಬೇಕು. ಗೊತ್ತಾಗಬೇಕಾದವಳು ಮೇಜಿನ ಬಳಿ ಕೂತಿದ್ದಳು.

ನಾಲ್ಕು ಎಂದರೆ ಗೆರೆಯ ಈಚೆ. ಎರಡಿದ್ದದ್ದು ನಾಲ್ಕಾಗಿದೆ, ಡಾಕ್ಟರಿಗೆ ಒಂದು ಮಾತು ಹಾಕಬಹುದಿತ್ತು. ತಣ್ಣೀರಕ್ಕ ಏಳಲು ಹೋದಳು ಕೂಡ. ಅಷ್ಟರಲ್ಲಿ ಗುಬ್ಬಿ ಅವಳನ್ನೇ ನೋಡುತ್ತಿರುವುದು ಕಣ್ಣಿಗೆ ಬಿತ್ತು. ಹುಡುಗಿಯ ನೋಟದಲ್ಲಿ ಏನೂ ಇರಲಿಲ್ಲ, ಪಾಪ. ಇವಳೇ ಓದಿಕೊಂಡಳು. ಊರಿಗೆಲ್ಲ ಅಂಕ ನೋಡು ಎಂದವಳು ತನ್ನ ಮನೆಯವರಿಗೆ ಮಾತ್ರ ಮುಖ ನೋಡುತ್ತಾಳಾ ಅಂತ. ಡಾಕ್ಟರ್ ಲಾರಿಯವರ ನಡುವೆ ಸೊಂಟದವರೆಗೆ ಮುಳುಗಿದ್ದ. ಅವಳು ಮತ್ತೆ ಕೂತಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಅವಳು ಕನ್ನಡಿಯನ್ನೇ ನಂಬಿ ಅಂಗೈ ಮುಚ್ಚಿಕೊಂಡಳು.

ಮಧ್ಯಾಹ್ನ ಇಳಿಯುತ್ತಾ ಬಂತು. ಕಿಟಕಿಯ ಬಿಸಿಲು ನೆಲದ ಮೇಲೆ ಮಂಚದ ಕಾಲುಗಳವರೆಗೆ ಹರಿದಿತ್ತು. ಲಾರಿಯವರ ಗಲಾಟೆ ತಣ್ಣಗಾದ ಮೇಲೆ ವಿಭಾಗಕ್ಕೆ ಅಪರೂಪದ ಒಂದು ಮೌನ ಬಂತು. ಆ ಮೌನದಲ್ಲಿ ಅವಳಿಗೆ ಒಂದು ಸದ್ದು ಕೇಳಿಸಿತು. ಜೋರಾದದ್ದೇನಲ್ಲ. ಯಾರೋ ಮಹಡಿ ಹತ್ತಿ ಬಂದು ದಮ್ಮು ಹಿಡಿಯುತ್ತಿರುವಂಥ ಸದ್ದು. ಅದು ನಿಲ್ಲುತ್ತದೆ ಅಂತ ಕಾದಳು, ನಿಲ್ಲಲಿಲ್ಲ. ಹಸಿರು ಪರದೆಯ ಹಿಂದಿನಿಂದ ಬರುತ್ತಿತ್ತು.

ಅವಳು ಎದ್ದು ಓಡಿದಳು. ಪರದೆ ಸರಿಸಿದಳು. ಅತ್ತಿಗೆ ಅಂಗಾತ ಮಲಗಿದ್ದಳು. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು, ಒಂದೊಂದು ಉಸಿರಿಗೂ ಕತ್ತಿನ ನರಗಳು ಹಗ್ಗದಂತೆ ಸೆಟೆದು ಇಳಿಯುತ್ತಿದ್ದವು. ಕಾಲು ಮುಟ್ಟಿದರೆ ತಣ್ಣಗೆ, ಮಂಡಿಯ ಮೇಲೆ ಚರ್ಮ ನೀಲಿ ನೀಲಿಯಾಗಿ ಮಚ್ಚೆಗಟ್ಟಿತ್ತು. ಕಟ್ಟಪ್ಪಣೆ ಮರೆತು ಅವಳು ಗಡಿಯಾರ ಹಿಡಿದಳು. ಎಷ್ಟು ವರ್ಷದ ಮೇಲೆ ಹಾಗೆ ಹಿಡಿದಳೋ. ನಿಮಿಷ ತುಂಬುವ ಮೊದಲೇ ಎಣಿಕೆ ಮೂವತ್ತು ದಾಟಿತು. ಹಾಳೆಯಲ್ಲಿ ಗುಬ್ಬಿಯ ದುಂಡು ಅಕ್ಷರದಲ್ಲಿ ಹದಿನೆಂಟು ಅಂತ ಇತ್ತು. ಅವಳು ಗುಂಡಿ ಒತ್ತಿದಳು, ಒತ್ತಿದ ಬೆರಳು ತೆಗೆಯುವುದೇ ಮರೆತುಹೋಯಿತು.

ತಂಡ ಬಂತು. ಆಕ್ಸಿಜನ್ ಬಂತು, ಇನ್ನೊಂದು ಕೈಗೂ ಡ್ರಿಪ್ ಏರಿತು. ಡಾಕ್ಟರ್ ಬಗ್ಗಿ, ಅಮ್ಮಾ ಇವರು ಯಾರು ಹೇಳಿ ಅಂತ ತಣ್ಣೀರಕ್ಕನ ಕಡೆ ಕೈ ತೋರಿಸಿದ. ಅತ್ತಿಗೆ ಕಣ್ಣು ತೆರೆದಳು, ನೋಡಿದಳು, ಮುಚ್ಚಿದಳು. ಡಾಕ್ಟರ್ ತಲೆಯೆತ್ತಿದ.

"ಇವರು ಮಾಮೂಲಾಗಿ ಹೀಗೇನಾ? ಮನೇಲಿ ನಿಮ್ಮ ಗುರುತು ಹಿಡೀತಾರಲ್ವಾ?"

"ಹಿಡೀತಾರೆ."

"ಹಾಗಾದ್ರೆ ಗುರುತು ತಪ್ಪಿದ್ದು ಯಾವಾಗಿಂದ?"

ಆಗ ಅವಳಿಗೆ ಹೊಳೆಯಿತು. ನಗದೆ ಗೋಡೆಯ ಕಡೆ ಹೊರಳಿದ ಮುಖ, ಪಾಪ ಎಂದ ದನಿ. ಅತ್ತಿಗೆ ನಾಟಕ ಆಡಿರಲಿಲ್ಲ. ಎಷ್ಟೋ ವರ್ಷದ ಹಿಂದಿನ ಆ ದಿನಕ್ಕೆ ಹೋಗಿ, ಗುರುತಿಲ್ಲದ ಒಬ್ಬ ನರ್ಸನ್ನು ನಿಜವಾಗಿ ಕೇಳಿದ್ದಳು. ಎಚ್ಚರದ ಲೆಕ್ಕದಲ್ಲಿ ಗೊಂದಲಕ್ಕೆ ಮೂರು ಅಂಕ, ಆ ಉಸಿರಿಗೆ ಮೂರು. ನಾಲ್ಕು ಅಂದುಕೊಂಡದ್ದು ಹತ್ತು.

"ಮಧ್ಯಾಹ್ನದಿಂದ," ಅಂದಳು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಐ.ಸಿ.ಯು.ಗೆ ಸಾಗಿಸಿದರು, ಔಷಧಿ ಶುರುಮಾಡಿದರು. ಗಂಡ ಬರುವ ಹೊತ್ತಿಗೆ ಅತ್ತಿಗೆಯ ಬಾಯಲ್ಲಿ ಕೊಳವೆ ಇತ್ತು. ಮಾರನೆಯ ದಿನ ಸಂಜೆ ಅವಳು ಹೋದಳು. ಡಾಕ್ಟರ್ ಹೊರಗೆ ಬಂದು, ಈ ಸೋಂಕೇ ಹೀಗೆ, ಮೊದಲೇ ಹಿಡಿದಿದ್ದರೂ ಏನಾಗುತ್ತಿತ್ತೋ ಹೇಳೋಕಾಗಲ್ಲ ಅಂದ. ತಣ್ಣೀರಕ್ಕ ತಲೆಯಾಡಿಸಿದಳು. ಆ ಮಾತು ಅವಳಿಗೆ ಹೊಸದಲ್ಲ. ಎಷ್ಟೋ ಮನೆಯವರಿಗೆ, ಅದೇ ಗೋಡೆಯ ಪಕ್ಕ ನಿಲ್ಲಿಸಿ, ಅಷ್ಟೇ ಮೆತ್ತಗೆ ಅವಳೇ ಹೇಳಿದ್ದಳು.

ಕೆಲಸಕ್ಕೆ ಮರಳಿದ ದಿನ ಗುಬ್ಬಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಾದಿದ್ದಳು. ಕಣ್ಣು ಊದಿತ್ತು. "ನಾನು ಎಣಿಸಲಿಲ್ಲ ಅಕ್ಕಾ," ಅಂದಳು.

"ಗೊತ್ತು. ಎಣಿಸಬೇಡ ಅಂದವಳು ನಾನೇ. ಅತ್ತಿದ್ದು ಸಾಕು, ಮುಖ ತೊಳಕೊಂಡು ಬಾ."

ಮೇಲಿನವರಿಗೂ ಅವಳು ಅದನ್ನೇ ಹೇಳಿದಳು, ಹುಡುಗಿಯ ಮೇಲೆ ಹಾಕಲಿಲ್ಲ. ಇನ್‌ಚಾರ್ಜ್ ಜಾಗದಿಂದ ಅವಳನ್ನು ಇಳಿಸಿದರು. ಅದು ಅವಳಿಗೆ ನೋವೇ ಅನ್ನಿಸಲಿಲ್ಲ. ನೋವು ಬೇರೆ ಕಡೆ ಇತ್ತು. ಈಗ ಅವಳು ಮಂಚದಿಂದ ಮಂಚಕ್ಕೆ ಹೋಗಿ ಉಸಿರು ಎಣಿಸುತ್ತಾಳೆ, ಜೊತೆಗಿರುವ ಮಗನನ್ನೋ ತಂಗಿಯನ್ನೋ ಕರೆದು, ಇವರು ಯಾವಾಗಲೂ ಹೀಗೇ ಮಾತಾಡೋದಾ ಅಂತ ಕೇಳುತ್ತಾಳೆ. ಅವರು ಹೌದು ಅಂದರೂ ಅವಳಿಗೆ ನಂಬಿಕೆ ಬರುವುದಿಲ್ಲ. ಮತ್ತೆ ಹೋಗಿ ಪರದೆ ಸರಿಸಿ ನೋಡುತ್ತಾಳೆ. 

ಮನೆಯಲ್ಲಿ ಜನ ಬಂದು ಹೋಗುತ್ತಿದ್ದರು. ಅತ್ತಿಗೆಯ ಕೈಯಲ್ಲಿ ಬಟ್ಟೆ ಹೊಲಿಸಿಕೊಂಡವರು, ಬೀದಿಯವರು, ಬಸ್ ಡಿಪೋದವರು. ಗಂಡ ಬಂದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದ. ನಮ್ಮಕ್ಕ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಬಿಡಲಿಲ್ಲ, ಇವಳನ್ನೇ ಹಿಡಿದು ಸಿಸ್ಟರ್ ನಿಮಗೆ ಮದುವೆ ಆಗಿದೆಯಾ ಅಂದಳಂತೆ, ಕೊನೆ ಗಳಿಗೆವರೆಗೂ ತಮಾಷೆ ನೋಡಿ ಅನ್ನುತ್ತಿದ್ದ. ಕೇಳಿದವರು ಅಳುತ್ತಲೇ ನಗುತ್ತಿದ್ದರು. ಅವನೂ ನಗುತ್ತಿದ್ದ. ಆ ದಿನಗಳಲ್ಲಿ ಅವನ ಮುಖದಲ್ಲಿ ಜೀವ ಕಾಣುತ್ತಿದ್ದದ್ದು ಆ ಒಂದು ಮಾತು ಹೇಳುವಾಗ ಮಾತ್ರ. ಅವಳು ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತು ಪ್ರತಿ ಸಲವೂ ಕೇಳಿಸಿಕೊಳ್ಳುತ್ತಿದ್ದಳು. ಇವನಿಗೆ ಉಳಿದಿರುವುದು ಇದೊಂದೇ, ಇದನ್ನೂ ಕಿತ್ತುಕೊಳ್ಳಲೇ ಎಂದು ಒಂದು ಮನಸ್ಸು. ಹೇಳದಿದ್ದರೆ ಬದುಕಿರುವವರೆಗೂ ಈ ನಗುವಿನ ಎದುರು ಕೂತು ಊಟ ಮಾಡಬೇಕಲ್ಲ ಎಂದು ಇನ್ನೊಂದು.

ಒಂದು ದಿನ ಡಿಪೋದ ಹಳೆಯ ಮೆಕ್ಯಾನಿಕ್ ಕೇಳಿ ನಕ್ಕು, ಕಣ್ಣೊರೆಸಿಕೊಂಡು ಹೋದ ಮೇಲೆ ಅವಳು ಗಂಡನ ಎದುರು ಬಂದು ಕೂತಳು.

"ಅದು ತಮಾಷೆ ಅಲ್ಲ ರೀ."

"ಯಾವುದು?"

"ಮದುವೆ ಆಗಿದೆಯಾ ಅಂತ ಕೇಳಿದ್ದು. ಅವರಿಗೆ ನನ್ನ ಗುರುತು ಸಿಕ್ಕಿರಲಿಲ್ಲ. ಸೋಂಕು ಆಗಲೇ ತಲೆಗೆ ಏರಿತ್ತು. ನಾನು ನಕ್ಕುಬಿಟ್ಟೆ."

ಅವನು ಮೆಕ್ಯಾನಿಕ್ ಕುಡಿದಿಟ್ಟ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ, ನಾನು ಬರ್ತೀನಿ ಅಂದಿದ್ದೆ ಅಲ್ವಾ ಅಂದ. ಬೈದಂತೆ ಇರಲಿಲ್ಲ, ನೆನಪು ಮಾಡಿಕೊಂಡಂತೆ ಇತ್ತು. ಅವಳು ಹೌದು ಅಂದಳು. ಬೇಡ ಅಂದವಳು ನಾನು ಅಂತಲೂ ಹೇಳಿದಳು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಹಿಂದಿನ ಬೀದಿಯ ಒಬ್ಬ ಹೆಂಗಸು, ಈಗಷ್ಟೇ ಸುದ್ದಿ ತಿಳಿಯಿತು ಅಂತ ಬಂದಿದ್ದಳು. ಗಂಡ ಎದ್ದು ಕುರ್ಚಿ ಎಳೆದು ಕೊಟ್ಟ. ಏನಾಗಿತ್ತು, ಕೊನೆಗೆ ಏನಾದರೂ ಮಾತಾಡಿದರಾ ಅಂತ ಆಕೆ ಕೇಳಿದಳು. ತಣ್ಣೀರಕ್ಕ ಅವನ ಮುಖ ನೋಡಿದಳು. ಅವನು ನೆಲ ನೋಡುತ್ತಾ, ಏನೂ ಇಲ್ಲ, ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ ಅಂದ.